ಬೇವಿನ ನೆರಳಿಗೆ ನಿಂತ ಮೋಟಾರು

ಚಾಚಾನ ಬಲಗೈ ಹೆಬ್ಬೆರಳು ಸದಾ ಉಳಿದ ಬೆರಳುಗಳ ಸಾಲಿನಲ್ಲೇ ಇರುತ್ತಿತ್ತು. ಚಹಾದ ಬಟ್ಟಲನ್ನೂ ಹಾಗೇ ಹಿಡಿಯುತ್ತಿದ್ದರು. ಮೋಟಾರು ಕಾರು ಚಾಲೂ ಮಾಡಲು ಅದರ ಮೂತಿಗೆ ಸಿಕ್ಕಿಸಿದ ಹ್ಯಾಂಡಲ್ ತಿರುಗಿಸುವಾಗ ಹೆಬ್ಬೆರಳು ಸುತ್ತಿ ಹಿಡಿದರೆ, ಇಂಜಿನ್ ಹಿಂದಕ್ಕೆ ಒದ್ದಾಗ ಅದು ಮುರಿದೇ ಹೋಗುತ್ತದಂತೆ.

ಬಸವಕಲ್ಯಾಣದ ಸಾಹುಕಾರರೊಬ್ಬರ ಬಾಡಿಗೆ ಮೋಟಾರಿಗೆ ಅವರು ಡ್ರೈವರ್. ಅಲ್ಲಿಯ ಶಾಲೆಯಲ್ಲಿ ಮಾಸ್ತರನಾಗಿದ್ದ ನಾನು ಅವರನ್ನು ಚಾಚಾ ಅನ್ನುತ್ತಿದ್ದೆ. ನಲವತ್ತೆಂಟರ ಬೇಸಿಗೆಯಲ್ಲಿ ಪೆಟ್ರೋಲು ಸಿಗುವುದೇ ಕಷ್ಟವಾಗಿ, ನಿಂತಲ್ಲೆಲ್ಲ ಇಂಜಿನ್ ಬಂದ್ ಮಾಡಬೇಕೆಂದು ಸಾಹುಕಾರರ ಹುಕುಂ ಆಗಿತ್ತು. ಚಾಚಾಗೆ ಅದು ಸೇರದು.

"ಇದೇನ್ ಕಂದೀಲ ಏನ್ರಿ, ಘಳಿಗಿಗೊಮ್ಮೆ ಆರಿಸಿ ಹಚ್ಚಾಕ? ಹಚ್ಚಿದಾಗೊಮ್ಮೆ ಬ್ಯಾಟರಿ ಅಷ್ಟಷ್ಟ ಸಾಯ್ತದ. ಸಾಹುಕಾರ ತನ್ನ ಉಸುರು ಒಂದೀಟು ಬಂದ್ ಮಾಡಿ ಮತ್ತ ಹಚ್ಚಿ ನೋಡ್ಲಿ," ಎಂದು ನಗಿಸುತ್ತಿದ್ದರು.

ಅದೇ ಬೇಸಿಗೆಯಲ್ಲಿ ನನ್ನ ಹೆಂಡತಿಗೆ ಬೇನೆ ಎದ್ದು ಎರಡು ದಿನವಾದರೂ ಹೆರಿಗೆಯಾಗಲಿಲ್ಲ. ಸೂಲಗಿತ್ತಿ ಕೈಚೆಲ್ಲಿದಳು. ಹುಮನಾಬಾದಿನ ದವಾಖಾನೆಗೆ ಚಾಚಾನ ಮೋಟಾರಿನಲ್ಲಿ ನಾವಿಬ್ಬರೇ ಹೊರಟೆವು. ಮಾವನವರು ಎತ್ತಿನ ಗಾಡಿಯಲ್ಲಿ ಹಿಂದಿನಿಂದ ಬರುವವರಿದ್ದರು.

ಅರ್ಧ ದಾರಿಗೆ ಅವಳು ನನ್ನ ತೋಳು ಹಿಡಿದು, "ಈ ಸಪ್ಪಳ, ಈ ಹೊಗಿ ತಾಳಾಕ ಆಗವಲ್ದು," ಎಂದಳು. ಚಾಚಾ ಬೇವಿನ ನೆರಳಿಗೆ ಮೋಟಾರು ನಿಲ್ಲಿಸಿದರು.

"ಇಂಜಿನ್ ಬಂದ್ ಮಾಡ್ರಿ ಚಾಚಾ."

"ಬ್ಯಾಡ್ರಿ ಮಾಸ್ತರ. ಬ್ಯಾಟರಿದಾಗ ಜೀವ ಇಲ್ಲ."

"ಎರಡ ನಿಮಿಷ. ಕೈ ಮುಗಿತೀನಿ."

ಹಿಂತಿರುಗಿ ಅವಳ ಮುಖ ನೋಡಿದರು. ಬಂದ್ ಮಾಡಿದರು. ಅವಳು ಕಣ್ಣು ಮುಚ್ಚಿಕೊಂಡಳು.

ಆಮೇಲೆ ಮತ್ತೆ ಹಚ್ಚಹೋದಾಗ ಇಂಜಿನ್ ಒಂದು ಸಲ ನರಳಿತು, ಅಷ್ಟೇ. ಚಾಚಾ ಹ್ಯಾಂಡಲ್ ತಿರುಗಿಸಿದರು. ಅಂಗೈ ಸುಲಿದು ರಕ್ತ ಬಂದರೂ ಬಿಡಲಿಲ್ಲ. ಇಬ್ಬರೂ ನೂಕಿದೆವು. ಏರುದಾರಿ. ಕೊನೆಗೆ ಎತ್ತಿನ ಗಾಡಿಯೇ ಬಂದು ನಮ್ಮನ್ನು ಮುಟ್ಟಿತು. ಅವಳನ್ನು ಅದಕ್ಕೆ ಎತ್ತಿ ಹಾಕಿದೆವು. ಹುಮನಾಬಾದ್ ಇನ್ನೂ ದೂರವಿರುವಾಗಲೇ ತಾಯಿ, ಹೊಟ್ಟೆಯ ಕೂಸು ಎರಡೂ ಹೋದವು.

"ಗೊತ್ತಿದ್ದೂ ಯಾಕ ಬಂದ್ ಮಾಡಿದಿ?" ಮಾವನವರು ಚಾಚಾನ ಅಂಗಿ ಹಿಡಿದು ಕೇಳಿದರು.

ಚಾಚಾ ನನ್ನ ಕಡೆ ನೋಡಲೂ ಇಲ್ಲ. "ನಂದೇ ತಪ್ಪರಿ. ದಿನಾ ಮಾಡಿ ಕೈಗೆ ಚಟಾ ಬಿದ್ದಿತ್ತು."

ನಾನು ಅಲ್ಲೇ ನಿಂತಿದ್ದೆ. ಬಾಯಿ ತೆರೆಯಲಿಲ್ಲ.

ಸಾಹುಕಾರರು ಅವರನ್ನು ಕೆಲಸದಿಂದ ತೆಗೆದರು. ಬೇರೆ ಯಾರೂ ಮೋಟಾರು ಕೊಡಲಿಲ್ಲ. ಚಾಚಾ ರಸ್ತೆಗೆ ಜಲ್ಲಿ ಒಡೆಯಲು ಹೋದರು. ಎದುರಾದಾಗ, "ಊಟ ಆತೇನ್ರಿ ಮಾಸ್ತರ?" ಎಂದು ಕೇಳುತ್ತಿದ್ದರೇ ಹೊರತು ಬೇರೆ ಮಾತು ತೆಗೆಯುತ್ತಿರಲಿಲ್ಲ.

ಐವತ್ತರಲ್ಲಿ ಅವರು ತೀರಿಕೊಂಡರು. ಅವರ ಹುಟ್ಟೂರು ಮೋರಖಂಡಿಯಲ್ಲಿ ದಫನ್ ಆಯಿತು. ನಾನೂ ಒಂದು ಹಿಡಿ ಮಣ್ಣು ಹಾಕಿ ಹೊರಟಾಗ ಅವರ ಹಿರಿಯ ಮಗ ಬಂದು ನನ್ನ ಎರಡೂ ಕೈ ಹಿಡಿದುಕೊಂಡ.

"ನಮ್ಮ ಅಬ್ಬಾ ನಿಮ್ಮ ಮನಿಗೆ ಮಾಡಿದ್ದಕ್ಕ ಇವತ್ತರೆ ಮಾಫಿ ಕೊಡ್ರಿ, ಮಾಸ್ತರ."

ಕೊಟ್ಟೆ ಎಂದೆ.