ಉಸ್ತಾದ ಖುದ್ದೂಸ ಅದಾರೇನ್ರಿ?

ನಾನು ನಿಂತಿದ್ದು ನನ್ನ ಗಾದಿ ಅಂಗಡಿಯ ಕಟ್ಟೆಯ ಮೇಲೆ, ಬಾಗಿಲಿನ ಎಡಕ್ಕೆ. ಕೈಯಲ್ಲಿ ಗಾದಿ ಹೊಲಿಯುವ ದಬ್ಬಣವಿತ್ತು. ಶುಕ್ರವಾರ ಮಧ್ಯಾಹ್ನ, ನಮಾಜು ಮುಗಿಸಿ ಜನ ಓಣಿಗೆ ಮರಳುತ್ತಿದ್ದ ಹೊತ್ತು. ಎದುರಿನ ಜಡಿಬೂಟಿ ಅಂಗಡಿಗೂ ನನ್ನ ಕಟ್ಟೆಗೂ ನಡುವೆ ಒಂದು ಕೈಗಾಡಿ ಹಾಯುವಷ್ಟೇ ಜಾಗ. ಹಾಗಾಗಿ ಆ ಅಂಗಡಿಯ ಕಾಕಾರ ಅಂಗೈಗಳು ನನಗೆ ಚೆನ್ನಾಗಿ ಕಾಣುತ್ತಿದ್ದವು. ಒಣಗಿದ ಸೊಪ್ಪು, ಹೂವು ತಿಕ್ಕಿ ತಿಕ್ಕಿ ಗೆರೆಗಳೆಲ್ಲ ಸವೆದು ನುಣ್ಣಗಾದ ಅಂಗೈಗಳು. ನಡುವೆ ಯಾವ ಸಾಬೂನಿಗೂ ಹೋಗದ ಕಂದುಹಸಿರು ಕಲೆ. ಅವು ಅಂದು ನಡುಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಡುಗಿದವು ಎನ್ನುವವರು ಈಗ ಹುಟ್ಟಿಕೊಂಡಿದ್ದಾರೆ. ಕಾಕಾರ ತಲೆ ಕೆಟ್ಟಿತ್ತು ಎಂದೂ ಅವರೇ ಹೇಳುತ್ತಾರೆ.

ಕಾಕಾ ನನಗೆ ರಕ್ತಸಂಬಂಧಿಯಲ್ಲ. ಹಳೇ ಹುಬ್ಬಳ್ಳಿಯ ನಮ್ಮ ಓಣಿಗೆಲ್ಲ ಅವರು ಕಾಕಾ. ನಾನು ಹಣೆಗೆ ವಿಭೂತಿ ಹಚ್ಚಿ ಅಂಗಡಿ ತೆರೆಯುವ ಹೊತ್ತಿಗೆ ಅವರು ಟೊಪ್ಪಿಗೆ ಸರಿಪಡಿಸಿಕೊಂಡು ಗಾದಿಯ ಮೇಲೆ ಕೂತಾಗಿರುತ್ತಿತ್ತು. ಆ ಗಾದಿ ನಮ್ಮ ಅಪ್ಪ ಹೊಲಿದದ್ದು. ಹಗಲೆಲ್ಲ ಹತ್ತಿ ಹಿಂಜುವ ಯಂತ್ರದ ಮುಂದಿರುವ ನನ್ನ ಮೂಗು ವರ್ಷವಿಡೀ ಕಟ್ಟಿರುತ್ತಿತ್ತು. ಒಂದು ಸಂಜೆ ನಾನು ಸೀನುವುದನ್ನು ಕೇಳಿ ಕೇಳಿ ಬೇಸತ್ತು ಅವರೇ ಕೂಗಿದರು: "ತಮ್ಮಾ, ಇತ್ತ ಬಾ. ನಿನ್ನ ಸೀನಿಗೆ ನನ್ನ ತಕ್ಕಡಿ ಅಲುಗಾಡಾಕತ್ತೈತಿ."

ಅಂದು ಅವರು ನನ್ನ ಅಂಗೈಗೆ ಹಾಕಿದ್ದೇ ಉಸ್ತುಖುದ್ದೂಸ್. ಜೋಳದ ತೆನೆಯನ್ನು ಬೆರಳ ತುದಿಯಷ್ಟು ಸಣ್ಣದು ಮಾಡಿದಂಥ, ಬಣ್ಣಗೆಟ್ಟ ನೇರಳೆ ಹೂತೆನೆಗಳು. ತಿಕ್ಕಿದರೆ ಕರ್ಪೂರದಂಥ ವಾಸನೆ ಕಣ್ಣಿನವರೆಗೂ ಏರುತ್ತದೆ. ಭೂಮಧ್ಯ ಸಮುದ್ರದ ದಂಡೆಯ ಗುಡ್ಡಗಳಲ್ಲಿ ಬೆಳೆದು, ಮುಂಬೈಗೆ ಬಂದು, ಅಲ್ಲಿಂದ ನಮ್ಮ ಓಣಿ ಸೇರುತ್ತಿತ್ತು. "ಯಾರೂ ಬಿತ್ತಂಗಿಲ್ಲ, ಯಾರೂ ನೀರ ಹಾಕಂಗಿಲ್ಲ. ಕಲ್ಲಿನ ಜೋಡಿ ಹಟಾ ಹಿಡದು ಬೆಳಿತೈತಿ," ಎನ್ನುತ್ತಿದ್ದರು. ನೆಗಡಿಗೆ, ಕಫಕ್ಕೆ, ತಲೆಭಾರಕ್ಕೆ, ಮರೆವಿಗೆ ಹಕೀಮರು ತಲೆತಲಾಂತರದಿಂದ ಬರೆದುಕೊಡುವ ಗಿಡ. ಮಿದುಳಿನ ಕಸಬರಿಗೆ ಎಂದೇ ಅದಕ್ಕೆ ಅವರಲ್ಲಿ ಹೆಸರು. ಕುದಿಯುವ ನೀರಿಗೆ ಹಾಕಿ, ತಲೆಯ ಮೇಲೆ ಚಾದರ ಹೊದ್ದು ಹಬೆ ತೆಗೆದುಕೊಂಡೆ. ಮೂಗು ಬಿಟ್ಟಿತು. ಊಟದಲ್ಲಿ ಒಗ್ಗರಣೆಯ ವಾಸನೆ ಬಂದದ್ದು ಬಹಳ ದಿನಗಳ ಮೇಲೆ.

ಈ ಹೆಸರು ನಮ್ಮವರ ನಾಲಿಗೆಗೆ ಹತ್ತುತ್ತಿರಲಿಲ್ಲ. ಅರ್ಧ ಜನ ಅದನ್ನು ಯಾರೋ ದೊಡ್ಡ ಹಕೀಮರ ಹೆಸರೆಂದು ತಿಳಿದು, ಚಪ್ಪಲಿ ಬಿಟ್ಟು, ಕೈಕಟ್ಟಿ ಕೇಳುತ್ತಿದ್ದರು: "ಉಸ್ತಾದ ಖುದ್ದೂಸ ಅದಾರೇನ್ರಿ?"

ಕಾಕಾ ನಗುತ್ತಿರಲಿಲ್ಲ. "ಅದಾರ್ರಿ. ಡಬ್ಬಿಯಾಗ ಕುಂತಾರ. ತಡೀರಿ, ಕರಿತೇನಿ," ಎಂದು ಮುಚ್ಚಳ ತೆಗೆಯುತ್ತಿದ್ದರು.

ಅವರದೊಂದು ಕಟ್ಟುನಿಟ್ಟು ಇತ್ತು. ಗಿರಾಕಿ ಮೂಸಿ ನೋಡುವ ತನಕ ತಕ್ಕಡಿ ಮುಟ್ಟುತ್ತಿರಲಿಲ್ಲ. ಒಂದೆರಡು ತೆನೆ ತಿಕ್ಕಿ ಅಂಗೈ ಚಾಚಿ, "ಮೊದಲ ಮೂಸ್ರಿ, ಆಮ್ಯಾಲ ತಗೋರಿ," ಎನ್ನುತ್ತಿದ್ದರು. ಪಿತ್ತದ ಮೈಯವರಿಗೆ ಕೊಡುತ್ತಿರಲಿಲ್ಲ, ವಾಕರಿಕೆ ಬರುತ್ತದೆಂದು. ಧಾರವಾಡದ ಕೋಚಿಂಗ್ ಹುಡುಗರು ನೆನಪಿನ ಶಕ್ತಿಗೆಂದು ಬಂದರೆ, "ಓದಿದ್ದೇನರ ಒಳಗ ಐತೇನಪಾ? ಖಾಲಿ ಮನಿ ಕಸಾ ಹೊಡದ ಏನ ಮಾಡ್ತಿ?" ಎಂದು ಹಿಂದಕ್ಕೆ ಕಳಿಸುತ್ತಿದ್ದರು. ಉಪ್ಪಿನಬೆಟಗೇರಿಯಿಂದ ಬರುತ್ತಿದ್ದ ಒಬ್ಬರು ಶಿಕ್ಷಕಿ, ಸಾಲಿ ಅಕ್ಕಾರು, ತಮ್ಮ ಯಜಮಾನರಿಗೆ ಮನೆಯವರ ಗುರುತೇ ಸಿಗುತ್ತಿಲ್ಲ ಎಂದಾಗ ಮಾತ್ರ ಕಾಕಾರ ದನಿ ತಗ್ಗಿತು. "ಅಕ್ಕಾರ, ಕಸಬರಿಗಿ ಕಸಾ ಹೊಡಿತೈತಿ. ಬಿದ್ದ ಗ್ವಾಡಿ ಕಟ್ಟಂಗಿಲ್ಲ. ದವಾಖಾನಿ ಬಿಡಬ್ಯಾಡ್ರಿ. ಇದರ ಹಬಿ ಕೊಡ್ರಿ, ರಾತ್ರಿ ನಿದ್ದಿಯರ ಛಲೋ ಬರ್ಲಿ."

ಈಗ ಆ ಶುಕ್ರವಾರಕ್ಕೆ ಬರುತ್ತೇನೆ.

ಕಾಕಾರ ಅಂಗಡಿಯಿದ್ದ ಕಟ್ಟಡದ ಮಾಲಕರು ಜಡಿಬೂಟಿಯ ಹೋಲ್‌ಸೇಲ್ ವ್ಯಾಪಾರವನ್ನೂ ಮಾಡುತ್ತಿದ್ದರು. ಅಮರಗೋಳದ ಕಡೆ ಅವರ ಗೋದಾಮು. ಆ ವರ್ಷ ಅವರು ಬೇರೊಂದು ಗಿಡದ ತೆನೆಗಳನ್ನು ತರಿಸಿದ್ದರು. ಬೆಲೆ ಅಗ್ಗ, ನೋಟ ಹೆಚ್ಚುಕಡಿಮೆ ಅದೇ, ವಾಸನೆ ಮಾತ್ರ ಇಲ್ಲ. ಅದನ್ನೇ ಉಸ್ತುಖುದ್ದೂಸ್ ಎಂದು ಎಲ್ಲ ಅಂಗಡಿಗಳಿಗೂ ಹಂಚಿದ್ದರು. ಅಂದು ಹಮಾಲ ಮಕ್ಬೂಲನ ಕೈಗಾಡಿಯ ಮೇಲೆ ಒಂದು ಚೀಲ ಹಾಕಿಸಿಕೊಂಡು ತಾವೇ ಬಂದರು. ಕಾಕಾರ ಪಕ್ಕದಲ್ಲಿ ಆ ಅಕ್ಕಾರು ನಿಂತಿದ್ದರು.

"ಎಲ್ಲಾರೂ ತಗೊಂಡಾರ ಕಾಕಾ. ನಿಮ್ಮದೊಂದ ಏನ ತಕರಾರು?"

"ಇದು ಅದಲ್ರಿ."

"ನೋಡಾಕ ಅದರಂಗ ಐತಲ್ಲ?"

"ನೋಡಿದ್ರ ನೆಗಡಿ ಹೋಗತೈತೇನ್ರಿ? ಮೂಸ್ರಿ."

ಮಾಲಕರು ಚಿಟಿಕೆ ತೆಗೆದು ಅಂಗೈಯಲ್ಲಿ ತಿಕ್ಕಿ ಮೂಗಿಗೆ ಹಿಡಿದರು. ಅವರ ಮುಖ ಅರಳಿತು. "ಘಮ್ಮ ಅನ್ನಾಕತ್ತೈತಿ! ಇನ್ನೇನ ಬೇಕ್ರಿ ನಿಮಗ?"

ಕಾಕಾ ಬಾಗಿ ಆ ಅಂಗೈ ಮೂಸಿದರು. "ಇದು ಗಿಡದ್ದಲ್ರಿ ಮಾಲಕ್ರ. ನೀವು ಹಚಗೊಂಡ ಅತ್ತರದ್ದು. ಕೈ ತೊಳಕೊಂಡ ಬರ್ರಿ."

ಮೊದಲು ನಕ್ಕವಳು ಮೂಲೆಯಲ್ಲಿ ಚಹಾ ಮಾರುವ ಗಂಗವ್ವ. ಆಮೇಲೆ ಓಣಿಯೇ ನಕ್ಕಿತು. ಗಂಗವ್ವ ತಂಬಿಗೆ ಹಿಡಿದು ಬಂದೇಬಿಟ್ಟಳು: "ಹಿಡೀರಿ ಮಾಲಕ್ರ, ನೀರ ಹಾಕತೇನಿ. ಸಾಬೂನ ಬೇಕೇನ್ರಿ?"

ಅಷ್ಟು ಜನರೆದುರು ತೊಳೆಯದೆ ಗತಿಯಿರಲಿಲ್ಲ. ತೊಳೆದರು. ಒರೆಸಿಕೊಂಡು ಮತ್ತೆ ಚೀಲದಿಂದ ಚಿಟಿಕೆ ತೆಗೆದು ಮೂಸಿದರು. ಈ ಸಲ ಮುಖ ಅರಳಲಿಲ್ಲ; ಚಿಟಿಕೆಯನ್ನು ಚೀಲಕ್ಕೇ ಉದುರಿಸಿದರು. ಆಗ ಕಾಕಾ ತಮ್ಮ ಡಬ್ಬಿಯಿಂದ ಎರಡು ತೆನೆ ತಿಕ್ಕಿ ಅಂಗೈ ತೆರೆದರು. ವಾಸನೆ ನನ್ನ ಕಟ್ಟೆಗೂ ಬಂತು. "ಇವರು ಉಸ್ತಾದ. ನಿಮ್ಮ ಚೀಲದಾಗ ಇದ್ದಾಂವ ಉಸ್ತಾದನ ಅಂಗಿ ತೊಟ್ಟಾನ, ಅಷ್ಟ."

ಮಾಲಕರ ಕುತ್ತಿಗೆ ಕೆಂಪಾಯಿತು. "ಚೀಲಾ ಒಳಗ ಹೋಗಬೇಕು. ಇಲ್ಲಾ ನೀವು ಹೊರಗ ಬರಬೇಕು."

ಕಾಕಾ ಗಾದಿಯಿಂದ ಇಳಿದರು. ಚೀಲದ ಬಾಯಿಯನ್ನು ಹುರಿಯಿಂದ ಬಿಗಿಯಾಗಿ ಕಟ್ಟಿದರು. ಮಕ್ಬೂಲ ಒಂದು ಕಡೆ ಹಿಡಿದ, ಇವರು ಇನ್ನೊಂದು ಕಡೆ ಹಿಡಿದರು. ಎತ್ತಿ ಕೈಗಾಡಿಯ ಮೇಲೆ ಇಟ್ಟರು. "ಒಂದ ತೆನಿನೂ ಚೆಲ್ಲಿಲ್ಲ, ನೋಡಕೋರಿ. ನಾ ಹೊರಗ ಬರ್ತೇನಿ."

"ಮುದಕನ ತಲಿ ಕೆಟ್ಟೈತಿ!" ಎಂದು ಮಾಲಕರು ಎಲ್ಲರಿಗೂ ಕೇಳುವಂತೆ ಕೂಗಿದರು. ಆ ಮಾತು ಹುಟ್ಟಿದ್ದು ಆಗಲೇ, ಅಲ್ಲೇ.

"ದಿನಾ ಝಾಡಿಸಿ ಇಟ್ಟೇನ್ರಿ ತಲಿ," ಎಂದರು ಕಾಕಾ. "ಅದಕ ಹಿಂಗ ಮಾತಾಡಾಕತ್ತೇನಿ."

ನನ್ನ ಕೈಯ ದಬ್ಬಣ ಬೆರಳಿಗೆ ಹೊಕ್ಕಿದ್ದು ನನಗೆ ಆಮೇಲೆ ಗೊತ್ತಾಯಿತು.

ತಿಂಗಳು ತುಂಬುವುದರೊಳಗೆ ಅಂಗಡಿಗೆ ಬೇರೆ ಬೀಗ ಬಿತ್ತು. ಕಾಕಾರ ತಂದೆಯ ಕಾಲದ ಗಾಜಿನ ಭರಣಿಗಳು ಬೀದಿಯಲ್ಲಿದ್ದವು, ಕೆಲವು ಒಡೆದಿದ್ದವು. ಕಾಕಾ ಒಡೆಯದವನ್ನು ಒರೆಸುತ್ತ ಕೂತಿದ್ದರು. ನನ್ನ ಕಟ್ಟೆಯ ಬಲಗಡೆ ಖಾಲಿ ಇದೆ ಎಂದೆ.

"ಹತ್ತ್ಯಾಗ ಕುಂತ್ರ ನನಗೂ ನೆಗಡಿ ಹತ್ತತೈತಿ ತಮ್ಮಾ."

"ಹತ್ಲಿ ಬಿಡ್ರಿ. ಔಷಧ ನಿಮ್ಮ ಕಡೇನ ಐತಲ್ಲ."

ಹಾಗೆ ಅವರು ತಮ್ಮ ಬಾಗಿಲಿಗೇ ಮುಖ ಮಾಡಿ ಕೂತರು. ಆ ಬಾಗಿಲಲ್ಲಿ ಮಾಲಕರು ಬೇರೆಯವರನ್ನು ಕೂರಿಸಿ ಅದೇ ಚೀಲ ಬಿಚ್ಚಿಸಿದರು. ಹಳೆಯ ಗಿರಾಕಿಗಳು ಅಭ್ಯಾಸಬಲದಿಂದ ಅಲ್ಲಿಗೆ ಹೋಗಿ, ಉಸ್ತಾದ ಖುದ್ದೂಸ ಅದಾರೇನ್ರಿ ಎಂದು ಕೇಳಿದರೆ, ಕಾಕಾ ಈಚೆಯಿಂದ ಕೈಯೆತ್ತಿ ಕೂಗುತ್ತಿದ್ದರು: "ಉಸ್ತಾದ್ರು ಮನಿ ಬದಲಿ ಮಾಡ್ಯಾರ್ರೀ! ಇತ್ತ ಬರ್ರಿ!" ದಿನವೂ ಕೂಗಿದರು. ತೀರಿಕೊಳ್ಳುವ ಹಿಂದಿನ ಸಂಜೆಯೂ ಕೂಗಿದರು.

ಹೋದ ವರ್ಷದ ಶ್ರಾವಣದಲ್ಲಿ, ಮನೆಯಲ್ಲಿ ನಿದ್ದೆಯಲ್ಲೇ ಹೋದರು. ಮಣ್ಣಿಗೆ ಒಯ್ಯುವ ಮುಂಚೆ ಅವರ ಕೈ ಮುಟ್ಟಿದೆ. ನನ್ನ ಅಂಗೈಗೆ ಆ ವಾಸನೆ ಹತ್ತಿತು. ಅವರು ಬಿಡಿಸಿಕೊಟ್ಟ ಮೂಗಿನಿಂದಲೇ ನನಗದು ತಿಳಿಯಿತು.

ಈಗ ಮಾಲಕರ ಮಾತು ಹೀಗಿದೆ: ಮುದುಕನಿಗೆ ಅರಳುಮರಳು, ಕೈ ನಡುಗುತ್ತಿತ್ತು, ಒಳ್ಳೆಯ ಮಾಲನ್ನು ಗಟಾರಕ್ಕೆ ಚೆಲ್ಲಿ ತಮ್ಮ ಮೇಲೆ ಕೈ ಎತ್ತಿದ. ಚೆಲ್ಲಲಿಲ್ಲ. ಎತ್ತಲಿಲ್ಲ. ನಡುಗಲಿಲ್ಲ. ಇದನ್ನು ಕಂಡವರು ಇನ್ನೂ ಇದ್ದಾರೆ. ಗಂಗವ್ವ ಅದೇ ಮೂಲೆಯಲ್ಲಿ ಚಹಾ ಕಾಸುತ್ತಾಳೆ, ಆ ತಂಬಿಗೆಯೂ ಅವಳ ಹತ್ತಿರವಿದೆ. ಮಕ್ಬೂಲನಿಗೆ ಕಿವಿ ಮಂದವಾಗಿದೆ, ಕಣ್ಣು ಚುರುಕಾಗಿದೆ. ಅಂದು ಹೂತೆನೆ ಒಯ್ಯಲು ಬಂದು ಕಾಕಾರ ಪಕ್ಕದಲ್ಲೇ ನಿಂತಿದ್ದ ಅಕ್ಕಾರು ಉಪ್ಪಿನಬೆಟಗೇರಿಯಲ್ಲಿದ್ದಾರೆ. ನಾನಿದ್ದೇನೆ. ಸಂಶಯವಿದ್ದವರು ಬಂದು ಕೇಳಲಿ.

ಕೈ ತೊಳೆದುಕೊಂಡು ಬರಲಿ.