ಅಕ್ಕನ ಕೈಗೆ ಹಿಪ್ಪೆ ಎಣ್ಣೆ

ಮೊನ್ನೆ ಮೊಮ್ಮಗಳು ಒಂದು ಪುಟ್ಟ ಡಬ್ಬಿ ತಂದು ಕೈಗಿಟ್ಟು, "ಶಿಯಾ ಬೆಣ್ಣೆ ಅಜ್ಜಿ, ಆಫ್ರಿಕಾದ್ದು. ಹಿಮ್ಮಡಿಗೆ ಹಚ್ಕೊಳ್ಳಿ" ಎಂದಳು. ಅಲ್ಲಿಯ ಹೆಂಗಸರು ಮರದಡಿ ಬಿದ್ದ ಬೀಜ ಆಯ್ದು, ಹುರಿದು, ಅರೆದು, ನೀರು ಹಾಕಿ ಕಡೆದು ಇದನ್ನು ತೆಗೆಯುತ್ತಾರಂತೆ. ಬೆರಳಲ್ಲಿ ತೆಗೆದು ಉಜ್ಜಿದೆ. ಅಂಗೈಯ ಬಿಸಿಗೇ ಕರಗಿಹೋಯಿತು. ನಮ್ಮ ಹಿಪ್ಪೆ ಎಣ್ಣೆಯೂ ಥೇಟ್ ಹೀಗೇ ಕರಗುತ್ತಿತ್ತು. ಎರಡೂ ಒಂದೇ ಕುಟುಂಬದ ಮರಗಳು ಎಂದು ಅವಳೇ ಹೇಳಿದಳು. ನನಗೆ ಖುಷಿಯಾಗಲಿಲ್ಲ, ಅಕ್ಕನ ಅಂಗೈ ನೆನಪಾಯಿತು.

ಅರವತ್ತರ ದಶಕದ ಮೊದಲ ವರ್ಷಗಳು. ಹೆಬ್ಬಾಳದಾಚೆ ನಮ್ಮದೊಂದು ದ್ರಾಕ್ಷಿ ತೋಟ. ನನಗೆ ಹನ್ನೊಂದು, ಅಕ್ಕನಿಗೆ ಹದಿನೆಂಟು. ಬಳ್ಳಿಗೆ ರೋಗ ಬಾರದಿರಲೆಂದು ಹೊಡೆಯುವ ಮೈಲುತುತ್ತ, ಸುಣ್ಣದ ನೀರನ್ನು ಪೀಪಾಯಿಯಲ್ಲಿ ಕಲಸುವುದು ಅಕ್ಕನ ಕೆಲಸ. ಅವಳ ಅಂಗೈ ಸೀಳಿ ಸೀಳಿ, ಊಟಕ್ಕೆ ಕೂತರೆ ಸಾರು ತಗುಲಿದಲ್ಲೆಲ್ಲ ರಕ್ತ ಒಸರುತ್ತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅಂತಾರೆ. ನಮ್ಮ ಮನೆಯವರಿಗೆ ಕನ್ನಡಿ ಹಿಡಿದಿದ್ದರೂ ಕಾಣುತ್ತಿರಲಿಲ್ಲ.

ಹಿಪ್ಪೆ ಎಣ್ಣೆಗೇನೂ ಬರವಿರಲಿಲ್ಲ. ಮಳೆ ಹಿಡಿಯುವ ಹೊತ್ತಿಗೆ ಉದುರುವ ಬೀಜವನ್ನು ಅಜ್ಜಿಯೇ ಆಯ್ದು, ಒಡೆದು, ಒಣಗಿಸಿ ಗಾಣಕ್ಕೆ ಹಾಕಿಸುತ್ತಿದ್ದರು. ಚಳಿ ಬಿದ್ದರೆ ಮಡಕೆಯಲ್ಲೇ ತುಪ್ಪದಂತೆ ಗಟ್ಟಿಯಾಗುತ್ತಿತ್ತು. ದೇವರ ದೀಪಕ್ಕೆ ಅದೇ, ಎತ್ತಿನ ಹೆಗಲು ನೊಗಕ್ಕೆ ಕಿತ್ತುಹೋದರೆ ಅದೇ, ಅಪ್ಪನ ಒಡೆದ ಹಿಮ್ಮಡಿಗೂ ಅದೇ.

ಆ ಕಾರ್ತೀಕದಲ್ಲಿ ತಣಿಸಂದ್ರದ ಕಡೆಯಿಂದ ಹೆಣ್ಣು ನೋಡಲು ಬರುತ್ತೇವೆಂದು ಹೇಳಿ ಕಳಿಸಿದರು. ಅಪ್ಪ ಜಂಬಕ್ಕೆ, "ನಮ್ ಉಡುಗಿನ ತೋಟಕ್ಕೇ ಕಳ್ಸಿಲ್ಲ" ಎಂದು ಮಾತು ಕೊಟ್ಟೂಬಿಟ್ಟಿದ್ದರು. ಈಗ ಆ ಕೈ ತೋರಿಸುವುದು ಹೇಗೆ? ಅಕ್ಕನನ್ನು ಮೂರು ವಾರ ಮನೆಯೊಳಗೇ ಕೂರಿಸಿದರು. ಎರಡು ಹೊತ್ತೂ ಹಿಪ್ಪೆ ಎಣ್ಣೆ ಉಜ್ಜಿ ಹಳೇ ಪಂಚೆಯ ಬಟ್ಟೆ ಸುತ್ತುವ ಕೆಲಸ ನನ್ನದು. ಅದರ ಕಮಟಿಗೆ ಮೂಗು ಮುಚ್ಚಿಕೊಂಡೇ ಉಜ್ಜುತ್ತಿದ್ದೆ. ಸೀಳುಗಳು ಕೂಡಿದವು, ಒರಟು ಉದುರಿತು. ಕೊನೆಗೆ ಆ ಕೈ ಅಕ್ಕನದೇ ಅಂತ ನನಗೇ ನಂಬಿಕೆಯಾಗಲಿಲ್ಲ.

ಅವರು ಬಂದರು. ಗಂಡಿನ ತಾಯಿ ಕಾಫಿ ಲೋಟ ಕೆಳಗಿಟ್ಟು ಅಕ್ಕನ ಕೈ ಹಿಡಿದು, ಅಂಗೈ ತಿರುಗಿಸಿ, ಹೆಬ್ಬೆರಳಿನಿಂದ ಒತ್ತಿ ನೋಡಿದಳು. ನಾನು ಬಾಗಿಲ ಸಂದಿಯಲ್ಲಿ ಬೀಗುತ್ತಾ ನಿಂತಿದ್ದೆ.

"ಇದು ಕೆಲ್ಸ ಮಾಡಿರೋ ಕೈಯಲ್ಲ ಕಣಮ್ಮಾ" ಎಂದಳು. "ನಮ್ ಮನೇಲಿ ಎಂಟು ಅಸು ಅವೆ. ಇಂಗಿರೋ ಕೈ ಸಗಣಿ ಬಾಚ್ತದಾ?"

ಅಪ್ಪ ಎಲೆ ಅಡಿಕೆ ತಟ್ಟೆ ಮುಂದಕ್ಕೆ ಸರಿಸಿದರು. ನಮ್ಮ ಹುಡುಗಿ ದಿನವೂ ಪೀಪಾಯಿಗಟ್ಟಲೆ ಮೈಲುತುತ್ತ ಕಲಸುತ್ತಾಳೆ ಎಂದು ಈಗ ಯಾವ ಮುಖದಲ್ಲಿ ಹೇಳುವುದು? ಅವರು ಎಲೆ ಅಡಿಕೆ ಹಾಕಿಕೊಂಡು ಹೊರಟೇಹೋದರು. ಒಂದು ಮನೆಯಲ್ಲಿ ಇಷ್ಟು ಜನ ಸೇರಿ ಹೀಗೆ ಪೆದ್ದರಾಗಬಹುದೆಂದು ನಾನು ಅಲ್ಲಿಯವರೆಗೆ ತಿಳಿದಿರಲಿಲ್ಲ.

ಮಾರನೆಯ ದಿನವೇ ಅಕ್ಕ ತೋಟಕ್ಕಿಳಿದಳು. ವಾರದೊಳಗೆ ಅಂಗೈ ಮತ್ತೆ ಬಿರಿಯಿತು. ನಾನು ರೂಢಿಯಂತೆ ಮಡಕೆ ಇಳಿಸಹೋದರೆ ಅಜ್ಜಿ ತಡೆದರು.

"ಇನ್ಯಾಕೆ ಬುಡು. ದೀಪಕ್ಕಿರ್ಲಿ. ಮುಂದಿನ್ ಗಂಡು ಬಂದಾಗ ಅಚ್ಚಿದ್ರಾಯ್ತು."

ಕೈ ತೊಳೆಯುತ್ತಿದ್ದ ಅಕ್ಕ ಅಲ್ಲಿಂದಲೇ ತಿರುಗಿದಳು. ಅವಳು ಎಂದೂ ಎದುರು ಮಾತಾಡಿದವಳಲ್ಲ. ಎರಡು ಕೈಯನ್ನೂ ಅಜ್ಜಿಯ ಮುಂದೆ ಚಾಚಿ, "ಯಾರೂ ನೋಡಾಕ್ ಬರ್ದೇ ಇದ್ರೂ ಉರೀತದೆ ಅಜ್ಜಿ" ಎಂದಳು.

ಮೂರು ವಾರ ಆ ಕೈಗಳನ್ನು ಉಜ್ಜಿದವಳು ನಾನು. ನೋಯುತ್ತಾ ಅಂತ ಒಂದು ದಿನವೂ ಕೇಳಿರಲಿಲ್ಲ.