ಕೆಟ್ಟದ್ದು ಕೈಗುಣವಲ್ಲ

ನಂಜಕ್ಕ, ನಿನ್ನ ಕೈಗುಣ ಕೆಟ್ಟಿರಲಿಲ್ಲ. ಬೀಜ ಸತ್ತಿತ್ತು. ಸಾಯಿಸಿದವಳು ನಾನು — ಗೊತ್ತಿದ್ದೂ ಅದನ್ನು ನಿನ್ನ ಕೈಗೆ ಕೊಟ್ಟವಳೂ ನಾನೇ. ಈ ಮಾತನ್ನು ನೀನು ಬದುಕಿದ್ದಾಗ ಹೇಳಬೇಕಿತ್ತು. ಅಕ್ಕಿಹೆಬ್ಬಾಳಿನಲ್ಲಿ ನಿನ್ನ ಮನೆಗೂ ನನ್ನ ಮನೆಗೂ ನಡುವೆ ಇದ್ದದ್ದು ಮೂರೇ ಬಾಗಿಲು. ಅಷ್ಟು ದೂರ ನಡೆಯಲು ನನಗೆ ಇಷ್ಟು ವರ್ಷ ಸಾಲಲಿಲ್ಲ. ಈಗ ನೀನು ಹೋದ ಮೇಲೆ ಕಾಗದ ಹಿಡಿದು ಕೂತಿದ್ದೇನೆ.

ತೊಂಬತ್ತರ ದಶಕದ ಮಾತು. ನಮ್ಮ ಮಹಿಳಾ ಸಂಘಕ್ಕೆ ಹೊಳೆ ದಾರಿಯಲ್ಲಿ ಹತ್ತು ಗುಂಟೆ ಜಾಗ ಸಿಕ್ಕಿತ್ತು. ಹನ್ನೆರಡು ಜನ ಹೆಂಗಸರು ಮುಳ್ಳು ಕಡಿದು, ಕಲ್ಲು ಆಯ್ದು ತೋಟ ಮಾಡಿದೆವು. ಮುಂಗಾರಿಗೆ ಬೆಂಡೆ, ಹೀರೆ, ದಂಟು, ಚಳಿಗೆ ಅವರೆ, ಬೇಸಿಗೆಯಲ್ಲಿ ಹೊಳೆಯಿಂದ ನೀರು ಹೊತ್ತು ಉಳಿಸಿಕೊಂಡ ಸೊಪ್ಪು. ಒಂದು ಮೂಲೆಯಲ್ಲಿ ದೊಡ್ಡಪತ್ರೆ, ಒಂದೆಲಗ, ಬಜೆ — ಆ ಮದ್ದಿನ ಗಿಡಗಳೆಲ್ಲ ನೀನು ತಂದು ನೆಟ್ಟವು. ನೀನು ಒಣ ಕಡ್ಡಿ ಚುಚ್ಚಿದರೂ ಚಿಗುರುತ್ತದೆ ಎಂದು ನಿನ್ನನ್ನು ರೇಗಿಸುತ್ತಿದ್ದೆವು. ಪ್ರತಿ ಬಿತ್ತನೆಗೂ ಮೊದಲ ಕಾಳು ನಿನ್ನ ಕೈಯಿಂದಲೇ. ಯಾರ ಮನೆಯ ಕೂಸು ಹಟ ಹಿಡಿದು ಅತ್ತರೂ ಮದ್ದು ತೇಯಲು ನಿನ್ನನ್ನೇ ಕರೆಯುತ್ತಿದ್ದರು. ಊರಿನಲ್ಲಿ ನಿನಗಿದ್ದ ಆಸ್ತಿ ಅದೊಂದೇ.

ಬೀಜ ಕಾಯುವ ಕೆಲಸ ನನ್ನದು. ಅಚ್ಚುಕಟ್ಟಿನವಳು ಎಂದು ಹೆಸರಿತ್ತಲ್ಲ! ಹುಳ ಬೀಳದಂತೆ ಬೀಜಕ್ಕೆ ಒಲೆಯ ಬೂದಿ ಬೆರೆಸಿ ಮಡಕೆಗೆ ತುಂಬುವುದು ನಮ್ಮ ಕಡೆಯ ರೂಢಿ. ಬೂದಿಯನ್ನು ಹರವಿ, ಪೂರಾ ಆರಿದ ಮೇಲೆ ಜರಡಿ ಹಿಡಿಯಬೇಕು. ಆ ಬೆಳಿಗ್ಗೆ ನನಗೆ ಪಾಂಡವಪುರಕ್ಕೆ, ತಂಗಿಯ ಮನೆಗೆ ಹೋಗುವ ಅವಸರ. ಒಲೆಯಿಂದಲೇ ಬೂದಿ ಬಾಚಿ ಮುಂಗಾರಿನ ಬೀಜವಿದ್ದ ಮಡಕೆಗೆ ಸುರಿದೆ, ಬಾಯಿಗೆ ಬಟ್ಟೆ ಬಿಗಿದೆ, ಬಸ್ಸಿಗೆ ಓಡಿದೆ. ಸಂಜೆ ಬಂದು ಮಡಕೆ ಮುಟ್ಟಿದರೆ — ಇನ್ನೂ ಬೆಚ್ಚಗಿತ್ತು.

ಕಾಳು ಸೀದಿರಲಿಲ್ಲ, ನೋಡಲು ನೆಟ್ಟಗೇ ಇದ್ದವು. ಒಂದು ಹಿಡಿಯನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ನೋಡಿದೆ. ಐದು ದಿನವಾದರೂ ಒಂದೂ ಮೊಳಕೆ ಬಿಡಲಿಲ್ಲ, ಲೋಳೆಯಾಗಿ ನಾತ ಹೊಡೆಯಿತು. ಯಾರೂ ಕಾಣದಂತೆ ತಿಪ್ಪೆಗೆ ಎಸೆದೆ. ಬಿತ್ತನೆಗೆ ಇನ್ನೂ ಮೂರು ವಾರವಿತ್ತು. ಕೆ.ಆರ್. ಪೇಟೆಯ ಅಂಗಡಿಯಲ್ಲಿ ಬೇಕಾದಷ್ಟು ಬೀಜ ಸಿಗುತ್ತಿತ್ತು. ಹೇಳಿದ್ದರೆ ಎಲ್ಲರೂ ಎರಡು ದಿನ ಬಯ್ದು ಮೂರನೆಯ ದಿನ ಮರೆಯುತ್ತಿದ್ದರು. ಹೇಳಲಿಲ್ಲ. ಮೇಲಿದ್ದದ್ದು ಸತ್ತಿದ್ದರೂ ಅಡಿಯದು ಬದುಕಿರಬಹುದು ಎಂದು ನನಗೆ ನಾನೇ... ಸುಳ್ಳು. ನನಗೆ ಗೊತ್ತಿತ್ತು.

ಆ ಬೇಸಿಗೆಯಲ್ಲೇ ನಿನ್ನ ಯಜಮಾನರು ತೀರಿಕೊಂಡಿದ್ದರು. ಗಂಡ ಸತ್ತವಳ ಕೈಯಲ್ಲಿ ಮೊದಲ ಕಾಳು ಹಾಕಿಸುವುದೇ ಎಂದು ಸಂಘದಲ್ಲಿ ಇಬ್ಬರು ಮೂವರು ಗೊಣಗಿದರು. ಉಳಿದವರು, "ಅಂಗೆಲ್ಲ ಏನೂ ಇಲ್ಲ ಬುಡ್ರವ್ವಾ, ನಂಜಕ್ಕನೇ ಆಕ್ಲಿ" ಎಂದು ಗಟ್ಟಿಯಾಗಿ ನಿಂತರು. ಹಾಗೆ ಅಂದವರಲ್ಲಿ ನಾನೂ ಒಬ್ಬಳು — ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ನೀನು ಕಣ್ಣೊರೆಸಿಕೊಂಡು, ಸೆರಗು ಸಿಕ್ಕಿಸಿ, ಪಾತಿಯ ಮುಂದೆ ಕೂತು ಕಾಳು ಹಾಕಿದೆ.

ಹದಿನೈದು ದಿನ ಕಳೆಯಿತು. ಮಳೆ ಹದವಾಗಿ ಬಂದಿತ್ತು, ಸುತ್ತಲಿನ ಹೊಲಗಳೆಲ್ಲ ಹಸಿರಾಗಿದ್ದವು. ನಮ್ಮ ಪಾತಿಗಳಲ್ಲಿ ಕಳೆ ಬಿಟ್ಟರೆ ಏನೂ ಇಲ್ಲ. ಎಲ್ಲರೂ ಬದುವಿನ ಮೇಲೆ ನಿಂತಿದ್ದೆವು. ನಮ್ಮಲ್ಲೆಲ್ಲ ಹಿರಿಯಳಾದ ಸಾಕಮ್ಮ ನನ್ನ ಕಡೆ ತಿರುಗಿದಳು.

"ಜಯಾ, ಬೀಜ ನೆಟ್ಟಗಿತ್ತೇನಮ್ಮಿ?"

"ಬೀಜಕ್ಕೇನಾಗದೆ? ನಾನೇ ಬೂದಿ ಆಕಿ ಮಡಗಿದ್ದು," ಅಂದೆ. ಅಷ್ಟಕ್ಕೇ ಬಾಯಿ ಮುಚ್ಚಬಹುದಿತ್ತು. ಮುಚ್ಚಲಿಲ್ಲ. "ಕೈಗುಣಾನೂ ನೋಡ್ಬೇಕಲ್ವಾ..."

ಎಲ್ಲರ ಕಣ್ಣೂ ನಿನ್ನ ಕಡೆ ತಿರುಗಿದವು, ನಂಜಕ್ಕ. ನೀನು ಮಾತ್ರ ನಿನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡೆ.

ನಿನ್ನ ಮೇಲೆ ಹೊಟ್ಟೆಕಿಚ್ಚಿತ್ತು ಎಂದಾದರೂ ಬರೆಯೋಣವೆಂದರೆ, ಅದೂ ಇರಲಿಲ್ಲ. ನನ್ನ ಅಚ್ಚುಕಟ್ಟಿನ ಹೆಸರು ಉಳಿಯಬೇಕಿತ್ತು, ಅಷ್ಟೇ. ಅಷ್ಟು ಅಗ್ಗದ ವಸ್ತುವಿಗಾಗಿ ನಿನ್ನ ಇಡೀ ಬಾಳಿನ ಹೆಸರನ್ನು ಮಣ್ಣುಪಾಲು ಮಾಡಿದೆ.

ಅಂಗಡಿಯಿಂದ ಹೊಸ ಬೀಜ ತಂದರು. ಮೊದಲ ಕಾಳು ನನ್ನ ಕೈಯಲ್ಲಿ ಹಾಕಿಸಿದರು. ಒಂದೂ ಬಿಡದೆ ಹುಟ್ಟಿತು — ಹುಟ್ಟದೇನು! ಅಲ್ಲಿಂದ ಮುಂದೆ ಕೈಗುಣದವಳು ನಾನಾದೆ. ಹೊಗಳಿದಾಗಲೆಲ್ಲ ನಾಚಿದವಳಂತೆ ನಕ್ಕೆ. ಹೊಗಳುವವರ ಜೊತೆ ನೀನೂ ಇರುತ್ತಿದ್ದೆ.

ನೀನು ಜಗಳವಾಡಿದ್ದರೆ, ತೋಟಕ್ಕೆ ಬರುವುದನ್ನು ನಿಲ್ಲಿಸಿದ್ದರೆ ನನಗೆ ಸಲೀಸಾಗುತ್ತಿತ್ತೋ ಏನೋ. ನೀನು ಬಂದೆ. ಮಳೆಗಾಲದಲ್ಲಿ ಕಳೆ ಕಿತ್ತೆ, ಚಳಿಯಲ್ಲಿ ಅವರೆ ಬಿಡಿಸಿದೆ, ಬೇಸಿಗೆಯಲ್ಲಿ ಎಲ್ಲರಿಗಿಂತ ಎರಡು ಬಿಂದಿಗೆ ನೀರು ಹೆಚ್ಚಿಗೇ ಹೊತ್ತೆ. ಬೀಜವನ್ನು ಮಾತ್ರ ಮುಟ್ಟಲಿಲ್ಲ. ನಿನ್ನ ಹಿತ್ತಲಿಗೆ ಸೋರೆ ಬೀಜ ಊರಲೂ ಪಕ್ಕದ ಮನೆಯವಳನ್ನು ಕರೆದೆ. ಊರು ನಂಬಿದ್ದನ್ನು ತಡೆದುಕೊಳ್ಳಬಹುದಿತ್ತು. ಆದರೆ ನೀನೇ ನಂಬಿಬಿಟ್ಟೆಯಲ್ಲ ಅಕ್ಕ...

ಇದನ್ನೆಲ್ಲ ನಿನ್ನ ಮಗಳು ರತ್ನಳ ಮುಂದೆ ಕೂತು ಓದುತ್ತೇನೆ. ಅವಳು ಬಾಗಿಲು ಹಾಕಿಕೊಂಡರೆ ಹೊರಗೇ ನಿಂತು ಓದುತ್ತೇನೆ. ಅವಳ ಬಾಣಂತನದ ಆ ಬೆಳಗನ್ನೂ ಬಿಡುವುದಿಲ್ಲ.

ಅವಳು ಚೊಚ್ಚಲ ಹೆರಿಗೆಗೆ ನಿನ್ನ ಮನೆಗೆ ಬಂದಿದ್ದಳು. ಗಂಡು ಕೂಸು. ನೀನು ನನಗೆ ಹೇಳಿ ಕಳಿಸಿದೆ. ನಾನು ಬಂದರೆ, ನೀನು ತೇಯುವ ಕಲ್ಲು ತೊಳೆದಿಟ್ಟಿದ್ದೆ, ಪಕ್ಕದಲ್ಲಿ ಬಜೆಯ ಬೇರು. ನೀನು ಹೊಸ್ತಿಲಾಚೆ ನಿಂತಿದ್ದೆ, ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು.

"ನನ್ ಕೈ ಬ್ಯಾಡ ಕಣಮ್ಮಿ. ಗಿಡವೇ ಒಪ್ನಿಲ್ಲ, ಇನ್ನು ಕೂಸಿಗೆ... ನೀನೇ ತೇದು ನೆಕ್ಸು. ನಿನ್ ಕೈಗುಣ ಚೆಂದಾಗದೆ."

ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ರತ್ನ ಮಲಗಿದ್ದಳು. ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ನಾನು ಕೂತು ಬಜೆ ತೇದೆ. ಬೆರಳಿಗೆ ತೆಗೆದುಕೊಂಡು ಕೂಸಿನ ನಾಲಗೆಗೆ ಹಚ್ಚಿದೆ. ನಿನ್ನ ಮೊಮ್ಮಗನಿಗೆ ಮೊದಲ ಮದ್ದು ನೆಕ್ಕಿಸಿದವಳು ನಾನು. ನೀನು ಅಲ್ಲಿಂದಲೇ ಕತ್ತು ಚಾಚಿ ಕೇಳಿದೆ:

"ಚಪ್ಪರಿಸ್ತೇನಮ್ಮಿ?"

"ಊಂ ಅಕ್ಕ, ಚಪ್ಪರಿಸ್ತು," ಅಂದೆ.

ಆಮೇಲೆ ನಿನ್ನ ಮನೆಯಲ್ಲೇ ಕಾಫಿ ಕುಡಿದು ಬಂದೆ.